ತ್ರೀಜಿಯಲ್ಲಿ ತಾಲೀಮು

ಕೊಟ್ಟೂರು, 12 ಫೆಬ್ರುವರಿ 2012, ಭಾನುವಾರ

ನಾಡಿದ್ದು ನಾಟಕ! ನಾನು ರಾಜ; ನನ್ನ ರಾಣಿಯ ಪಾತ್ರದ ಅಂಜಿನಮ್ಮನೋ ಮಗಳ ಬಾಣಂತನಕ್ಕೆಂದು ಹರಪನಹಳ್ಳಿಯಲ್ಲಿದ್ದಾಳೆ, ನಾಟಕದ ದಿನವೇ ಬರುವುದು. ಅಗಲಿಕೆಯ ದೃಶ್ಯಕ್ಕೆ ತಾಲೀಮೇ ಆಗಿಲ್ಲವೆಂದು ಬೆಳಗಿನಿಂದ ಎದೆಯಲ್ಲಿ ನಗಾರಿ.

ಸಂಜೆ ಮೊಬೈಲ್ ಅಂಗಡಿಯ ಖಲಂದರ ತನ್ನ ಹೊಸ ತ್ರೀಜಿ ಫೋನಿನಿಂದ ಅಂಜಿನಮ್ಮನಿಗೆ ವಿಡಿಯೊ ಕರೆ ಮಾಡಿ, ಅದನ್ನು ಹಾರ್ಮೋನಿಯಂ ಮೇಲೆ ನಿಲ್ಲಿಸಿದ. ಆಹಾ! ಮೊದಲು ಈ ಡಬ್ಬಿಯಲ್ಲಿ ಬರೀ ದನಿ ಬರುತ್ತಿತ್ತು. ಆಮೇಲೆ ಫೋಟೊ ಬರತೊಡಗಿತು, ಒಂದೊಂದು ಇಳಿಯುವಷ್ಟರಲ್ಲಿ ಒಂದು ಚಹಾ ಮುಗಿಯುತ್ತಿತ್ತು. ಈಗ ಮುಖ, ಮಾತು, ಮೂಗುತಿಯ ಹೊಳಪು ಎಲ್ಲ ಒಟ್ಟಿಗೇ ರಂಗಪ್ರವೇಶ!

ನಾನು ಎದುರಿನ ಖಾಲಿ ಕುರ್ಚಿಗಳತ್ತ ಎದೆಯುಬ್ಬಿಸಿ ಗುಡುಗಿದೆ.

"ಮೇಷ್ಟ್ರೇ, ನಿಮ್ಮ ಕಿವಿ ಒಂದ ಕಾಣಾಕತ್ತೈತಿ. ಖಾಲಿ ಕುರ್ಚಿ ಜೊತಿ ಸಂಸಾರ ಮಾಡ್ತೀರೇನು? ಈ ಕಡಿ ನೋಡ್ರಿ!" ಎಂದಳು ಅಂಜಿನಮ್ಮ.

ಅಭ್ಯಾಸಬಲ. ರಾಣಿ ಪಕ್ಕದಲ್ಲಿದ್ದರೂ ರಾಜ ಮಾತಾಡುವುದು ಪ್ರೇಕ್ಷಕರ ಕಡೆಗೇ ಅಲ್ಲವೇ!

ತಿರುಗಿದೆ. ಅವಳು ಅಗಲಿಕೆಯ ಮಾತು ಶುರುಮಾಡಿದಳು. ಅಂಗೈಯಗಲದ ಪರದೆಯಲ್ಲಿ ಅವಳ ಕಣ್ಣಿಂದ ನೀರು ಇಳಿಯಿತು. ಹದಿನೆಂಟು ವರ್ಷ ಅವಳ ಪಕ್ಕದಲ್ಲೇ ನಿಂತವನು, ಅವಳು ನಿಜಕ್ಕೂ ಅಳುತ್ತಾಳೆಂದು ಇವತ್ತೇ ಕಂಡೆ. ನನ್ನ ಮಾತೇ ಮರೆತುಹೋಯಿತು.

"ಬಾಯಿ ಮುಚ್ರಿ ರಾಜಾ, ನೊಣ ಹೋಗ್ತೈತಿ" ಎಂದು ನಕ್ಕಳು.

ನಾಡಿದ್ದು ಪ್ರೇಕ್ಷಕರಿಗೆ ನನ್ನ ಕಿವಿಯೇ ಗತಿ. ನಾನು ಮಾತ್ರ ರಾಣಿಯ ಕಡೆಗೇ...