ಕಾಸ್ ವರ್ಗಕ್ಕೆ ನಿಂತ ಸಾಲು

ನನ್ನ ನೀಲಕ್ಕನಿಗೆ,

ಗಂಡನ ಮನೆ ಬಿಟ್ಟು ನೀನು ಕೇಶ್ವಾಪುರದ ನಮ್ಮ ಮನೆಗೆ ಬಂದ ದಿನ ನಿನ್ನ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ, "ಹೊಂದ್ಕೊಂಡು ಹೋಗಬೇಕವ್ವಾ, ಎಲ್ಲಾರ ಮನ್ಯಾಗೂ ಇದು ಇದ್ದದ್ದ," ಅಂದಳು. ನೀನು ಸೆರಗು ಸರಿಸಿ ಕುತ್ತಿಗೆ ತೋರಿಸಿದೆ. ಅಲ್ಲಿ ಬೆರಳುಗಳ ಗುರುತು ಕಪ್ಪಗೆ ಮೂಡಿತ್ತು. ಅವ್ವ ಮುಂದಿನ ರೊಟ್ಟಿಯನ್ನು ಹೆಂಚಿಗೆ ಹಾಕಿದಳು.

ಮುಂದಿನ ಕೋಣೆಯಲ್ಲಿ ನೀನು ಹತ್ತನೆಯ ತರಗತಿಯ ಹುಡುಗಿಯರಿಗೆ ಗಣಿತದ ಟ್ಯೂಷನ್ ಶುರು ಮಾಡಿದಾಗ ನನ್ನನ್ನೂ ಕೂರಿಸಿಕೊಂಡೆ. ನಾನು ಅರ್ಧವಾರ್ಷಿಕದಲ್ಲಿ ಫೇಲಾಗಿದ್ದೆನಲ್ಲ! ತ್ರಿಕೋನಮಿತಿಯ ನಿತ್ಯಸಮೀಕರಣ ಕಂಡರೆ ಪುಸ್ತಕ ಮುಚ್ಚಿಬಿಡುತ್ತಿದ್ದೆ. ಎರಡೂ ಕಡೆ ಸಮ ಅಂತ ಪುಸ್ತಕವೇ ಹೇಳುವಾಗ ಸಾಧಿಸುವುದೇನಿದೆ ಎಂದು ಕೇಳಿದ್ದೆ. "ಅವರು ಹೇಳ್ಯಾರಂತ ನಂಬಬ್ಯಾಡ," ಅಂದಿದ್ದೆ ನೀನು. "ಎಡಗಡಿಂದ ಶುರು ಮಾಡು. ಪ್ರತಿ ಸಾಲೂ ಯಾಕ ಬಂತು ಹೇಳ್ಕೋತ ಹೋಗು. ಬಲಗಡಿಗೆ ಮುಟ್ಟತಿ." ನಿನಗೆ ಆ ತಾಳ್ಮೆ ಎಲ್ಲಿಂದ ಬಂದಿತ್ತು ಅಕ್ಕಾ? ಅಂಥ ಮನೆಯಲ್ಲಿ ಇದ್ದು ಬಂದವಳಿಗೆ...

ಆ ಸಂಜೆ ನೀನು ಬೋರ್ಡಿನ ಮೇಲೆ ಹೊಸ ಲೆಕ್ಕ ಬರೆದಿದ್ದೆ. ಒಂದು ಮೈನಸ್ ಸೈನ್ ಎ, ಭಾಗಿಸು ಒಂದು ಪ್ಲಸ್ ಸೈನ್ ಎ. ಇದು ಸೆಕ್ ಎ ಮೈನಸ್ ಟ್ಯಾನ್ ಎ ಇದರ ವರ್ಗಕ್ಕೆ ಸಮ ಎಂದು ತೋರಿಸಬೇಕು. ಅಂಶವನ್ನೂ ಛೇದವನ್ನೂ ಒಂದು ಮೈನಸ್ ಸೈನ್ ಎ ಇಂದ ಗುಣಿಸಿದೆ.

"ಕೆಳಗ ಏನಾತು, ಶಬಾನಾ?"

"ಒಂದು ಮೈನಸ್ ಸೈನ್ ವರ್ಗ ಎ, ಟೀಚರ್. ಅಂದ್ರ ಕಾಸ್ ವರ್ಗ ಎ."

ನೀನು ಅದನ್ನು ಬರೆಯುತ್ತಿರುವಾಗಲೇ ನಿನ್ನ ಗಂಡ ಕಬ್ಬಿಣದ ರಾಡು ಹಿಡಿದು ಒಳಗೆ ನುಗ್ಗಿದ. "ಮನೀಗೆ ನಡಿ," ಅಂದ. "ಬರೂದಿಲ್ಲ. ಹುಡುಗ್ಯಾರು ಅದಾರ, ಹೊರಗ ಹೋಗ್ರಿ," ಅಂದೆ ನೀನು, ಬೋರ್ಡಿನ ಮೇಲಿನ ಸೀಮೆಸುಣ್ಣ ಎತ್ತದೆ. ಮೊದಲ ಏಟು ಬೋರ್ಡಿಗೆ ಬಿತ್ತು, ಮುಂದಿನದು ನಿನ್ನ ತಲೆಗೆ. ನೀನು ಬಿದ್ದ ಮೇಲೂ ಹೊಡೆದ. ನಾನು ಅವನ ತೋಳನ್ನು ರಕ್ತ ಬರುವ ಹಾಗೆ ಕಚ್ಚಿದೆ. ಅವನು ಒದ್ದ ರಭಸಕ್ಕೆ ಗೋಡೆಗೆ ಅಪ್ಪಳಿಸಿದೆ. ಶಬಾನಾ ಕೈವಾರದ ಮೊನೆಯನ್ನು ಅವನ ಅಂಗೈಗೆ ಚುಚ್ಚಿದಾಗಲೇ ರಾಡು ಕೆಳಗೆ ಬಿದ್ದದ್ದು.

ನಿನ್ನನ್ನು ಸತ್ತೂರಿನ ಆಸ್ಪತ್ರೆಗೆ ಒಯ್ಯುವಾಗ, ಉಣಕಲ್ ಕೆರೆ ದಾಟುವವರೆಗೂ ನೀನು ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿದಿದ್ದೆ. ಆಮೇಲೆ ಆ ಹಿಡಿತ...

ಕೊಲೆ ಕೇಸು ನಡೆಯಿತು, ಅಕ್ಕಾ. ಉಳಿದ ಹುಡುಗಿಯರ ಮನೆಯವರು ಕೋರ್ಟಿನ ಗೊಡವೆ ಬೇಡವೆಂದರು. ಸಾಕ್ಷಿ ಹೇಳಿದವರು ಶಬಾನಾ ಮತ್ತು ನಾನು. ಬೋರ್ಡು ತಾನಾಗಿಯೇ ಕಳಚಿ ನಿನ್ನ ತಲೆಯ ಮೇಲೆ ಬಿತ್ತು, ಜಗಳವಾದದ್ದು ಆಮೇಲೆ, ಎಂದು ಅವನ ವಕೀಲರ ವಾದ. "ನೀವು ಗಣಿತದಾಗ ಫೇಲಾದವರು. ಆ ಖೋಲ್ಯಾಗ ನೀವು ಇರಲೇ ಇಲ್ಲ," ಎಂದು ನನಗೆ ಹೇಳಿದರು. "ಇದ್ದಿದ್ರ ಹೇಳ್ರಿ, ಬೋರ್ಡಿನ ಮ್ಯಾಲ ಏನಿತ್ತು?"

ಎಡಗಡೆಯಿಂದ ಶುರು ಮಾಡಿದೆ. ಒಂದೊಂದೇ ಸಾಲು, ಅದು ಯಾಕೆ ಬಂತು ಎನ್ನುವುದರ ಸಮೇತ. "ಕೆಳಗ ಕಾಸ್ ವರ್ಗ ಬರದ್ಲ್ರೀ. ಎ ಬರಿಯೂದು ಉಳಿದಿತ್ತು. ಅಷ್ಟರಾಗ ಹೊಡದ," ಅಂದೆ. ನ್ಯಾಯಾಧೀಶೆ ಪೊಲೀಸರು ತೆಗೆದಿದ್ದ ಒಡೆದ ಬೋರ್ಡಿನ ಫೋಟೊ ನೋಡಿದರು. ಕಾಸ್ ವರ್ಗ ಎಂಬಲ್ಲಿಂದ ಸೀಮೆಸುಣ್ಣದ ಗೆರೆ ಕೆಳಗೆ ಎಳೆದುಹೋಗಿತ್ತು. ಫೋಟೊ ಕೆಳಗಿಟ್ಟು, "ಮುಂದ ಏನಾಗತದಮ್ಮಾ?" ಎಂದು ಕೇಳಿದರು.

"ಒಂದು ಮೈನಸ್ ಸೈನ್ ಎ, ಭಾಗಿಸು ಕಾಸ್ ಎ, ಇಡೀದರ ವರ್ಗ ಆಗತದ್ರೀ. ಬಿಡಿಸಿದ್ರ ಒಂದು ಭಾಗಿಸು ಕಾಸ್, ಅದು ಸೆಕ್. ಸೈನ್ ಭಾಗಿಸು ಕಾಸ್, ಅದು ಟ್ಯಾನ್. ಸೆಕ್ ಮೈನಸ್ ಟ್ಯಾನ್, ಅದರ ವರ್ಗ. ಎರಡೂ ಕಡೆ ಸಮ ಆತ್ರೀ."

ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಟ್ಯೂಷನ್ ಈಗ ನಾನು ನಡೆಸುತ್ತೇನೆ. ಮೊನ್ನೆ ಒಬ್ಬ ಹುಡುಗಿ ಒಡೆದ ತುಟಿಯಲ್ಲಿ ಬಂದಳು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಕೇಳಿದಳು, "ಯಾರು ಹೊಡದ್ರವ್ವಾ?" "ಅಪ್ಪ," ಅಂದಳು ಹುಡುಗಿ. ಅವ್ವ ಒಲೆ ಆರಿಸಿ, ಹಿಟ್ಟಿನ ಕೈ ತೊಳೆದುಕೊಂಡು, ಅವಳನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೊರಟಳು.

"ನೀ ಪಾಠ ಹೇಳು," ಅಂದಳು ನನಗೆ. "ನಾ ಹೋಗಿ ಬರ್ತೇನಿ."