ಮೂಲೆ ಹರಿದ ನೀಲಿ ಕಾಗದ

೨ ಜುಲೈ ೧೯೫೫, ಶನಿವಾರ. ಬಾಗೇವಾಡಿ

ಕಿರ್ಸ್ಟೆನ್, ಕ್ಷೇಮವೇ? ನಿನ್ನ ತಾಯಿ ಎಲ್ಸೆ, ತಮ್ಮ ಓಲೆ, ಮೊಣಕಾಲು ನೋವಿನ ನಿಮ್ಮ ಅಜ್ಜಿ, ಕಂದು ಕುದುರೆ — ಎಲ್ಲರೂ ಆರಾಮವೇ? ಇಲ್ಲಿ ನಾನು, ನನ್ನ ಅಜ್ಜ ಫಕೀರಸಾಬ, ನಮ್ಮ ಆಡು, ಇಂಗಳೇಶ್ವರದಲ್ಲಿ ಅವ್ವ ಹಜರಾಬಿ, ಅಪ್ಪ ಬಾಬುಲಾಲ — ಎಲ್ಲರೂ ಕ್ಷೇಮ...

ಇಷ್ಟಕ್ಕೇ ಅರ್ಧ ಪುಟ. ವಿಮಾನ ಟಪಾಲಿನ ನೀಲಿ ಕಾಗದ ಒಂದೇ ಹಾಳೆ. ತಪ್ಪಿದರೆ ಹೋಯಿತು. ಅದಕ್ಕೇ ಕರಡು ಮೊದಲು ಈ ಡೈರಿಯಲ್ಲಿ, ಕನ್ನಡದಲ್ಲಿ. ಸಾಲಿಗೆಂದು ನನ್ನ ಹತ್ತಿರ ಇರುವ ಮೊಮ್ಮಗಳು ಅಬಿದಾ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಆಮೇಲೆ ಇಬ್ಬರೂ ಡಿಕ್ಷನರಿ ಹಿಡಿದು ಇಂಗ್ಲಿಷಿಗೆ.

ಇವತ್ತು ತಕರಾರು ತೆಗೆದಳು. "ಅಜ್ಜಾ, ಅವರು ಹಿಂಗ ಎಲ್ಲಾರ ಹೆಸರ ಹಿಡದು ಕೇಳೂದಿಲ್ಲ. ಡಿಯರ್ ಅಬಿದಾ ಅಂತಾರ, ಸೀದಾ ಸುದ್ದಿಗೆ ಬರ್ತಾರ."

"ಬರ್ಲಿ. ನಾವು ಮಂದೀನ್ನ ದಾಟಿ ಸುದ್ದಿಗೆ ಹೋಗೂದಿಲ್ಲ."

"ಕುದರೀನೂ ಮಂದಿ ಏನು?"

"ನಿನ್ನ ಆಡು ಮಂದಿ ಹೌದಲ್ಲ?"

ನಕ್ಕಳು. ಬರೆಸಿದಳು.

ಸಾಲಿಯಲ್ಲಿ ಶನಿವಾರ ನಾನು ನಡೆಸುವ ಈ ಕಾಗದದ ಕ್ಲಾಸಿಗೆ ಹನ್ನೊಂದು ಹುಡುಗಿಯರು. ಹೆಡ್‌ಮಾಸ್ತರ ಬಸಂತರಾಯರಿಗೆ ಒಳಗೊಳಗೇ ಅಂಜಿಕೆ. "ಇಂಗ್ಲಿಷ್ ಎಂಟನೇ ಇಯತ್ತೆಗೆ ಐತಿ. ಇವು ಇನ್ನೂ ಆರನೇದು. ಇನಸ್ಪೆಕ್ಟರ್ ಬಂದ್ರ ನನ್ನ ಕೊಳ್ಳಿಗೆ ಬರ್ತೈತ್ರಿ ಫಕೀರಸಾಬಣ್ಣಾ."

"ನಾವು ಇಂಗ್ಲಿಷ್ ಕಲಸಾಕತ್ತಿಲ್ರಿ. ಕಾಗದಾ ಬರಿಯಾಕತ್ತೇವಿ."

ನಾನೇನು ಮಾಸ್ತರನೇ? ಸಿಂಪಿಗ. ಓದಿದ್ದು ನಾಲ್ಕನೇ ಇಯತ್ತೆ. ಮುಂಬೈಯಲ್ಲಿ ಸಾಹೇಬರ ಕೋಟು ಹೊಲಿಯುತ್ತ, ಅವರ ಹಳೆಯ ಪೇಪರ್ ಓದುತ್ತ ಕಲಿತದ್ದು ಇಷ್ಟು. ಪರದೇಶದ ಸಾಲಿಗಳ ವಿಳಾಸದ ಪಟ್ಟಿ ತರಿಸಿದವನು ನಾನೇ. ಡೆನ್ಮಾರ್ಕಿನ ಈ ಕಿರ್ಸ್ಟೆನ್‌ಳನ್ನು ಆರಿಸಿದವಳು ಅಬಿದಾ — ಅಲ್ಲಿಯವರಿಗೂ ಇಂಗ್ಲಿಷ್ ಪರಭಾಷೆಯೇ ಎಂದು ಗೊತ್ತಾದ ಮೇಲೆ. "ಹಂಗಾರ ಅಕೀನೂ ತಪ್ತಾಳ. ಇಬ್ಬರೂ ಕೂಡೇ ತಪ್ಪೂಣು."

೨೩ ಜುಲೈ, ಶನಿವಾರ

ಪೋಸ್ಟಿನ ಗುರಣ್ಣ ಓಣಿಯ ತುದಿಯಿಂದಲೇ ಕೂಗಿದ. "ಡೆನಮಾರ್ಕ ಬಂತ್ರೀ!"

ಕಿರ್ಸ್ಟೆನ್ ಈ ಸಲ ಎಲ್ಲರನ್ನೂ ಹೆಸರು ಹಿಡಿದು ಕೇಳಿದ್ದಾಳೆ. ನನ್ನನ್ನು, ಹಜರಾಬಿಯನ್ನು, ಗುರಣ್ಣನನ್ನು, ಆಡನ್ನು. ಅವಳ ವರ್ಗದಲ್ಲಿ ಮೊದಲು ನಕ್ಕರಂತೆ. ಅವರ ಟೀಚರ್ ಮಾತ್ರ, ಇನ್ನು ಮುಂದೆ ಎಲ್ಲರೂ ಹೀಗೇ ಬರೆಯಿರಿ ಅಂದರಂತೆ. ಅಬಿದಾ ಅಂಗಳದಲ್ಲಿ ಕುಣಿದಳು. ಆಡಿಗೂ ಓದಿ ಹೇಳಿದಳು.

ಗುರಣ್ಣನ ಕೈಯಲ್ಲಿ ಇನ್ನೊಂದು ಕಾರ್ಡು ಇತ್ತು. ಮೂಲೆ ಹರಿದದ್ದು. ಉಳಿದ ಟಪಾಲಿನ ಜೊತೆ ಚೀಲದಲ್ಲಿ ಇಟ್ಟಿರಲಿಲ್ಲ. ಎದುರುಮನೆಯ ಕಸ್ತೂರೆವ್ವನಿಗೆ ಬಂದದ್ದು. ಅಕ್ಷರ ಬರದ ಹೆಂಗಸು. ಮೂಲೆ ನೋಡಿದಳು, ಕಟ್ಟೆಯ ಮೇಲೆ ಕೂತಳು. "ಯಾರು ಅಂತಷ್ಟ ಹೇಳೋ, ಗುರಣ್ಣಾ." ಮುದ್ದೇಬಿಹಾಳದ ಅಣ್ಣ.

ಅಬಿದಾ ನೋಡುತ್ತಿದ್ದಳು. ಒಳಗೆ ಬಂದ ಮೇಲೆ ಕೇಳಿದಳು.

"ಅಜ್ಜಾ, ಮೂಲಿ ಯಾಕ ಹರೀತಾರ?"

"ಸತ್ತ ಸುದ್ದಿ ಅದು. ಓದಾಕ ಬರದವರಿಗೂ ತಿಳೀಲಿ ಅಂತ."

"ಇದನ್ನ ಕಿರ್ಸ್ಟೆನ್‌ಗ ಬರೀಲಿ? ಅವರಲ್ಲೆ ಹೆಂಗ ಮಾಡ್ತಾರೋ ಕೇಳೂಣು."

"ಬ್ಯಾಡ. ಅಂಥಾ ಮಾತು ಅಷ್ಟು ದೂರ ಯಾಕ ಕಳಸಬೇಕು? ಆಡಿಂದು ಬರಿ."

ಆಡಿನ ಸುದ್ದಿ ಬರೆದಳು.

೧೩ ಆಗಸ್ಟ್, ಶನಿವಾರ

ಕ್ಲಾಸಿಗೆ ಹೋಗಲಿಲ್ಲ. ಅಬಿದಾಳ ಜ್ವರ ಇಳಿದಿಲ್ಲ, ಇಂದಿಗೆ ಒಂಬತ್ತು ದಿನ. ವಿಷಮಜ್ವರ ಅಂದರು ಡಾಕ್ಟರು. ಇಂಗಳೇಶ್ವರಕ್ಕೆ ಆಳು ಕಳಿಸಿದೆ, ಹಜರಾಬಿ ಮಧ್ಯಾಹ್ನದ ಬಸ್ಸಿಗೆ ಬಂದಳು. ಮಗಳ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾಳೆ.

ಎಚ್ಚರವಾದಾಗ ಒಮ್ಮೆ ಕೇಳಿತು ಕೂಸು — "ಆ ಅಜ್ಜೀ ಮೊಣಕಾಲ... ಹೆಂಗೈತಂತ?"

೧೭ ಆಗಸ್ಟ್

ಅಬಿದಾ ನಿನ್ನೆ ನಸುಕಿನಲ್ಲಿ ಹೋದಳು.

ಸಾಲೋಟಗಿಯ ತಂಗಿ ಜನ್ನತಬಿಗೆ, ನಾಲತವಾಡಕ್ಕೆ, ಸಿಂದಗಿಗೆ, ಇಂಡಿಗೆ. ಏಳು ಕಾರ್ಡು. ಏಳು ಮೂಲೆ. ಹರಿದ ಚೂರುಗಳು ಹೊಲಿಗೆ ಮಷಿನ್ನಿನ ಮೇಲೆ ಬಿದ್ದಿವೆ. ಕಸಕ್ಕೆ ಹಾಕಲು ಕೈ ಬರುತ್ತಿಲ್ಲ.

೩ ಸೆಪ್ಟೆಂಬರ್, ಶನಿವಾರ

ಸಾಲಿಗೆ ಹೋದೆ. ಹತ್ತು ಹುಡುಗಿಯರು. ಅಬಿದಾಳ ಜಾಗ ಬಿಟ್ಟು ಕೂತಿದ್ದರು. ಬಸಂತರಾಯರು ಬಾಗಿಲಿಗೆ ಬಂದು ನಿಂತರು. "ಬಂದ್ ಇಡೂಣೇನ್ರಿ ಇದನ್ನ, ಸ್ವಲ್ಪ ದಿನ?" ಅಷ್ಟರಲ್ಲಿ ಚನ್ನವ್ವ, ಅಬಿದಾಳ ಗೆಳತಿ, ಸ್ಲೇಟು ಮುಂದೆ ಹಿಡಿದಳು. ಕರಡು. ಅವಳ ಪರದೇಶದ ಗೆಳತಿಯ ಇಡೀ ಮನೆತನದ ಕ್ಷೇಮಸಮಾಚಾರ. ತಿದ್ದಿದೆ.

ಮನೆಗೆ ಬಂದು ಕಿರ್ಸ್ಟೆನ್‌ಗೆ ಬರೆಯಲು ಕೂತೆ. ಎಲ್ಲರ ಕ್ಷೇಮ ಕೇಳಿದೆ. ಆಮೇಲೆ — ಇನ್ನು ಮುಂದೆ ಅಬಿದಾ ಬರೆಯಲಾರಳು. ಅಷ್ಟೇ. ಬೇಕಾದ ಶಬ್ದ ಡಿಕ್ಷನರಿಯಲ್ಲಿತ್ತು. ಸಣ್ಣ ಶಬ್ದ. ಪೆನ್ನು ಏಳಲಿಲ್ಲ. ಅವಳ ಹೆಸರಿನ ಪಕ್ಕ ಅದನ್ನು ಹೇಗೆ ಇಡಲಿ? ನೀಲಿ ಕಾಗದದ ಮೂಲೆ ಹರಿದೆ. ಅದು ಹೇಳುತ್ತದೆ.

ಗುರಣ್ಣ ನೋಡಿದ. ಚೀಲಕ್ಕೆ ಹಾಕಲಿಲ್ಲ. "ಕೈಯಾಗ ಒಯ್ತೇನ್ರಿ ಕಾಕಾ."

೨೫ ಸೆಪ್ಟೆಂಬರ್

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಆಯಿತು. ಹಜರಾಬಿ ಮಗಳ ಬಟ್ಟೆ ಗಂಟು ಕಟ್ಟಿದಳು. ಕಟ್ಟುತ್ತ ಕಟ್ಟುತ್ತ ಅಂದಳು.

"ನನ್ನ ಕಡೆ ಇದ್ದಿದ್ರ ಉಳೀತಿತ್ತೇನೋ ಅಪ್ಪಾ. ಸಾಲಿ ಸಾಲಿ ಅಂತ ಕರಕೊಂಡು ಬಂದಿ."

ಹೌದು. ಕರೆತಂದವನು ನಾನೇ. ಎತ್ತಿನ ಗಾಡಿಯಲ್ಲಿ, ಟ್ರಂಕು ಇಟ್ಟುಕೊಂಡು, ಜಗತ್ತು ತೋರಿಸುತ್ತೇನೆ ಎಂದು.

ಹೊರಡುವಾಗ ಹೊಸ್ತಿಲಲ್ಲಿ ನಿಂತಳು. "ಆ ಹುಡುಗಿ ಕಾಗದಾ ಬರದ್ಲೇನು?"

"ಇನ್ನೂ ಇಲ್ಲವ್ವಾ."

"ಬಂದ್ರ ಓದಿ ಹೇಳು. ಸಮುದ್ರದ ಆಚೀಕ ನನ್ನ ಮಗಳ ಸಲುವಾಗಿ ಒಬ್ಬಾಕಿ ಅತ್ತಳೋ ಇಲ್ಲೋ... ಅಷ್ಟ ನನಗ ತಿಳೀಬೇಕು."

೧ ಅಕ್ಟೋಬರ್, ಶನಿವಾರ

ಬಂತು. ಗುರಣ್ಣ ಕೂಗಲಿಲ್ಲ. ಸಾಲಿಗೇ ತಂದು ಕೊಟ್ಟು, ಹೋಗದೆ ಅಲ್ಲೇ ನಿಂತ. ಹತ್ತು ಹುಡುಗಿಯರ ಮುಂದೆ ಒಡೆದೆ. ಮೊದಲು ನಾನೊಬ್ಬನೇ ಓದಬೇಕಿತ್ತು. ಹೊಳೆಯಲಿಲ್ಲ.

ಪ್ರೀತಿಯ ಅಬಿದಾ, ಕ್ಷೇಮವೇ? ನಿನ್ನ ಅಜ್ಜ, ಅವ್ವ, ಅಪ್ಪ, ಪೋಸ್ಟಿನ ಗುರಣ್ಣ, ಆಡು, ಎಲ್ಲರೂ ಕ್ಷೇಮವೇ? ನಿಮ್ಮ ಕಾಗದದ ಒಂದು ಮೂಲೆ ಹರಿದು ಬಂದಿತು. ಅಮ್ಮ ನಮ್ಮ ಪೋಸ್ಟ್ ಆಫೀಸಿಗೆ ಹೋಗಿ ಜಗಳ ಮಾಡಿ ಬಂದಳು. ಅಲ್ಲಿ ಏನು ಬರೆದಿತ್ತು? ಇನ್ನು ನೀನು ಬರೆಯುವುದಿಲ್ಲ ಎಂದು ಅಜ್ಜ ಹೇಳಿದ್ದಾರೆ. ಪರೀಕ್ಷೆಯೇ? ನನ್ನ ಮೇಲೆ ಸಿಟ್ಟೇ? ನಿನಗೆ ಕೆಂಪು ಉಣ್ಣೆಯ ಕೈಗವಸು ಹೆಣೆಯುತ್ತಿದ್ದೇನೆ. ಅಳತೆ ಬೇಕು. ಕೈಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು ಕಳಿಸು...

ಅಲ್ಲಿಗೆ ಕಾಗದ ಮಡಚಿದೆ. ಚನ್ನವ್ವನೇ ಎದ್ದು ನಿಂತು ಹೇಳಿದಳು.

"ಅಜ್ಜಾ, ಅವರಿಗೆ ಮೂಲಿ ಓದಾಕ ಬರೂದಿಲ್ರಿ."

ಅಬಿದಾ ಕಲಿಸಹೊರಟಿದ್ದಳು. ಬೇಡ ಅಂದವನು ನಾನು.

ಅವಳ ಮಣಿಕಟ್ಟು ಐದೂಕಾಲು ಇಂಚು. ಅಳತೆ ಪುಸ್ತಕ ತೆಗೆಯಬೇಕಾಗಿಲ್ಲ.

೨ ಅಕ್ಟೋಬರ್, ಭಾನುವಾರ. ಮುಂಜಾನೆ

ಕರಡು.

ಕಿರ್ಸ್ಟೆನ್, ಕ್ಷೇಮವೇ? ತಾಯಿ ಎಲ್ಸೆ, ತಮ್ಮ ಓಲೆ, ಕುದುರೆ, ಎಲ್ಲರೂ ಆರಾಮವೇ? ಅಜ್ಜಿಯ ಮೊಣಕಾಲು ಹೇಗಿದೆ? ತಪ್ಪದೆ ತಿಳಿಸು. ಇಲ್ಲಿ ಒಬ್ಬರು ಕೊನೆಯವರೆಗೂ ಅದನ್ನು ಕೇಳುತ್ತಿದ್ದರು.

ಪೋಸ್ಟಿನವರ ತಪ್ಪಿಲ್ಲ. ಅಮ್ಮನಿಗೆ ಹೇಳು. ಆ ಮೂಲೆ ಹರಿದವನು ನಾನು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಹಾಗೆ ಮಾಡುತ್ತೇವೆ. ನಿನಗೆ ಇದನ್ನು ಬರೆಯಬೇಕೆಂದು ಅಬಿದಾ ಜುಲೈ ತಿಂಗಳಲ್ಲೇ ಕೇಳಿದ್ದಳು. ನಾನು ಬಿಡಲಿಲ್ಲ. ಈ ಕಾಗದದ ನಾಲ್ಕೂ ಮೂಲೆ ಸರಿಯಾಗಿವೆ. ಹೇಳಬೇಕಾದದ್ದನ್ನು ಈ ಸಲ ಶಬ್ದದಲ್ಲೇ ಹೇಳುತ್ತೇನೆ.

ಅಬಿದಾ ಆಗಸ್ಟ್ ಹದಿನಾರಕ್ಕೆ ಸತ್ತಳು. ಜ್ವರದಿಂದ. ನಿನ್ನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ.

ಅವಳ ಅವ್ವ ಹಜರಾಬಿ ನಿನ್ನಿಂದ ಒಂದು ಮಾತು ತಿಳಿಯಬೇಕು ಎಂದಿದ್ದಾಳೆ. ಅದನ್ನು ಹೇಗೆ ಕೇಳಬೇಕೋ ನನಗೆ ಇಂಗ್ಲಿಷಿನಲ್ಲಿ ಬರುವುದಿಲ್ಲ, ಕನ್ನಡದಲ್ಲೂ ಬರುತ್ತಿಲ್ಲ. ಈ ಕಾಗದ ಓದಿದ ದಿನ ನೀನು ಹೇಗಿದ್ದೆ, ಅಷ್ಟು ಬರೆ. ತಪ್ಪು ಇಂಗ್ಲಿಷಾದರೂ ಸರಿ. ಅವಳ ಅವ್ವ ಇಂಗಳೇಶ್ವರದಲ್ಲಿ ದಾರಿ ಕಾಯುತ್ತಿದ್ದಾಳೆ. ಬೇಗ ಬರೆ, ಮಗಳೇ. ತಡ ಮಾಡಬೇಡ. ಬೇಗ —