ಬೇಲಿಯಾಚೆಯ ಟೊಮೆಟೊ ಗಿಡಗಳು

ಅಕ್ಕನಿಗೆ,

ಬೇಲಿಯ ಈಚೆಗೇ ಇದ್ದುಕೊಂಡು ಪತ್ರ ಬರೀತಿದ್ದಾನಲ್ಲ ಅಂತ ನಗಬೇಡ. ಹೇಳೋಣ ಅಂತ ಎರಡು ಸಲ ಬಂದೆ. ಎರಡು ಸಲವೂ ನೀನು ಭಾವ ನೆಟ್ಟ ಟೊಮೆಟೊಗೆ ನೀರು ಬಿಡ್ತಿದ್ದೆ. ಹಾಗೇ ತಿರುಗಿ ಬಂದೆ.

ಆ ಗಿಡಗಳಿಗೆ ಎಲೆ ಮುದುಡೋ ರೋಗ ಹತ್ತಿದೆ. ಅದಕ್ಕೆ ಔಷಧಿ ಇಲ್ಲ. ಭಾವ ತೀರಿಕೊಂಡ ಮೇಲೆ ಅವು ಒಂದು ಕಾಯಿ ಕಚ್ಚಿಲ್ಲ, ನೀನೂ ನೋಡಿದ್ದೀಯ. ಬಿಳಿನೊಣ ಅವುಗಳ ರಸ ಹೀರಿ ಬೇಲಿ ದಾಟಿ ನನ್ನ ಗಿಡಕ್ಕೂ ರೋಗ ತರುತ್ತೆ. ಈ ಸಲ ನಾನು ನೆಟ್ಟಿದ್ದನ್ನೆಲ್ಲ ಕಿತ್ತು ಹೂತೆ. ನಿನಗೆ ಹೇಳಲಿಲ್ಲ. ನೊಣ ನುಗ್ಗದ ಬಲೆಯೊಳಗೆ ಬೆಳೆಸಿದ ಹೊಸ ಸಸಿ ಈಗ ನಾಟಿಗೆ ಬಂದಿವೆ. ಅವನ್ನ ಹೊರಗೆ ತರೋ ಮೊದಲು ಆ ಹಳೇ ಗಿಡಗಳು ಹೋಗಬೇಕು.

ರೋಗದ ಗಿಡ ಕೀಳೋಕೆ ನಾನು ಹಿಂದೆಮುಂದೆ ನೋಡಿದಾಗೆಲ್ಲ, "ಅದರ ಮುಖ ನೋಡಬೇಡ, ಬುಡ ನೋಡಿ ಕೀಳೋ" ಅಂತ ಭಾವನೇ ಬೈತಿದ್ರು. ಅದೇ ಮಾತು ನಿನಗೆ ಹೇಳೋ ಕೆಲಸ ನನ್ನ ಪಾಲಿಗೆ ಬರಬಾರದಿತ್ತು.

ಭಾನುವಾರ ನಸುಕಲ್ಲೇ, ನೊಣ ಹಾರಾಡೋ ಮೊದಲು ಬರ್ತೀನಿ. ನೀನು ಒಳಗೇ ಇದ್ದರೂ ಸರಿ, ಕಿತ್ತ ಗಿಡ ತುಂಬೋಕೆ ಚೀಲ ಮಾತ್ರ ಹೊರಗಿಟ್ಟಿರು.

ಆಸರೆಯ ಕೋಲುಗಳನ್ನ ಮುಟ್ಟಲ್ಲ. ಭಾವ ತಮ್ಮ ನೀಲಿ ಅಂಗಿ ಹರಿದು ಗಿಡಗಳನ್ನ ಅವಕ್ಕೆ ಕಟ್ಟಿದ್ದಾರೆ. ಆ ಗಂಟು ಬಿಚ್ಚದೆ, ಗಿಡವನ್ನಷ್ಟೇ ಮೆಲ್ಲಗೆ ಜಾರಿಸಿ ತೆಗೀತೀನಿ.

ನಿನಗೂ ತಂದುಕೊಡೋ ಹೊಸ ಸಸಿ ಎತ್ತರಕ್ಕೆ ಬಂದಾಗ ಆ ಗಂಟಿನೊಳಗೇ ತೂರಿಸು.

ನಿನ್ನ ತಮ್ಮ